ಕೀಲು, ಸ್ನಾಯು, ನೋವು: ಫಿಜಿಯೋ ಮೇಡಂ ಜೊತೆ ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಬಾಗಲಕೋಟೆಯ ನಮ್ಮ ಫಿಜಿಯೋಥೆರಪಿ ಮೇಡಂ ಇವತ್ತು ಸಂಜೆ ಗುಂಪಿನಲ್ಲಿ ಇರುತ್ತಾರೆ. ಕೈಕಾಲು ಹೇಗೆ ಆಡುತ್ತವೆ, ಎಲ್ಲಿ ಹಿಡಿಯುತ್ತವೆ, ಯಾಕೆ ನೋಯುತ್ತವೆ, ಏನಿದ್ದರೂ ಕೇಳಿ. ಎಕ್ಸ್-ರೇ ಫೋಟೋ ಹಾಕಿ "ಇದೇನು ನೋಡ್ರಿ" ಅನ್ನಬೇಡಿ. ಫಾರ್ವರ್ಡ್ ಬೇಡ. ಒಬ್ಬರಿಗೆ ಒಂದೇ ಪ್ರಶ್ನೆ.

ರಬಕವಿ ಅಣ್ಣ: ಮೇಡಂ, ಕುಳಿತು ಎದ್ದರೆ ಮೊಣಕಾಲು ಕಟ್ ಕಟ್ ಅನ್ನುತ್ತದೆ. ನೋವಿಲ್ಲ. ವಯಸ್ಸು 38. ಕೀಲಿನ ಎಣ್ಣೆ ಖಾಲಿ ಆಗಿದೆಯಾ?

ಫಿಜಿಯೋ ಮೇಡಂ: ನೋವಿಲ್ಲ, ಬಾವು ಇಲ್ಲ, ಕಾಲು ಅರ್ಧಕ್ಕೆ ಸಿಕ್ಕಿಕೊಳ್ಳುವುದಿಲ್ಲ ಅಂದರೆ ಶಬ್ದಕ್ಕೆ ಹೆದರಬೇಡಿ ಅಣ್ಣಾ. ಎಣ್ಣೆ ಅಂತ ನೀವು ಹೇಳುವುದು ಕೀಲಿನ ಚೀಲದೊಳಗಿನ ಜಿಗುಟು ದ್ರವ. ಆರೋಗ್ಯವಾದ ಮೊಣಕಾಲಲ್ಲೂ ಅದು ಒಂದು ಚಮಚಕ್ಕಿಂತ ಕಡಿಮೆಯೇ ಇರುತ್ತದೆ. ಚೀಲದ ಒಳಪದರ ಅದನ್ನು ತಾನೇ ಮಾಡಿಕೊಳ್ಳುತ್ತಾ ಇರುತ್ತದೆ. ಬೆರಳಿನ ನೆಟಿಕೆ ಮುರಿದಾಗ ಶಬ್ದ ಬರುವುದೂ ಈ ದ್ರವದಲ್ಲಿ ಏಳುವ ಗುಳ್ಳೆಯಿಂದ. ಅಮೆರಿಕದ ಡಾಕ್ಟರ್ ಡೊನಾಲ್ಡ್ ಉಂಗರ್ ಅನ್ನುವವರು ಸುಮಾರು 60 ವರ್ಷ ಒಂದೇ ಕೈಯ ನೆಟಿಕೆ ಮುರಿದು, ಆಮೇಲೆ ಎರಡೂ ಕೈ ಹೋಲಿಸಿ ನೋಡಿದರು. ಎರಡರಲ್ಲೂ ಸಂಧಿವಾತ ಇರಲಿಲ್ಲ. ಆ ಹಟಕ್ಕೆ 2009ರಲ್ಲಿ ಇಗ್ ನೊಬೆಲ್ ಅನ್ನುವ ತಮಾಷೆಯ ಬಹುಮಾನ ಕೊಟ್ಟರು.

ಮುಧೋಳದ ಅಕ್ಕ: ಬಂದದ್ದನ್ನು ಹಾಕಿದ್ದೇನೆ ಮೇಡಂ, ಸರಿಯೋ ತಪ್ಪೋ ಹೇಳಿ: "ಬೆಂಡೆಕಾಯಿ ಹೆಚ್ಚಿ ರಾತ್ರಿ ನೀರಲ್ಲಿ ನೆನೆಸಿ. ಬೆಳಿಗ್ಗೆ ಆ ಲೋಳೆ ನೀರು ಕುಡಿಯಿರಿ. 21 ದಿನದಲ್ಲಿ ಕೀಲಿನ ಎಣ್ಣೆ ತುಂಬುತ್ತದೆ. ಆಪರೇಷನ್ ಬೇಡ. 10 ಜನಕ್ಕೆ ಕಳಿಸಿ."

ಫಿಜಿಯೋ ಮೇಡಂ: ತಪ್ಪು. ಹೊಟ್ಟೆಗೆ ಹೋದ ಲೋಳೆ ಲೋಳೆಯಾಗಿಯೇ ಮೊಣಕಾಲಿಗೆ ಹೋಗಲು ದಾರಿಯೇ ಇಲ್ಲ. ಬೆಂಡೆಕಾಯಿ ಪಲ್ಯ ಮಾಡಿ ರೊಟ್ಟಿ ಜೊತೆ ಉಣ್ಣಿ, ಚಲೋ ಇರುತ್ತದೆ. 10 ಜನಕ್ಕೆ ಕಳಿಸಬೇಡಿ.

ಇಳಕಲ್ ನೇಕಾರ: ನಮಸ್ಕಾರ ಮೇಡಂ. ಕುಣಿ ಮಗ್ಗದಲ್ಲಿ ಕೂತು ನೇಯುತ್ತೇನೆ. ಲಾಳಿಯ ಹಗ್ಗ ಜಗ್ಗಿ ಜಗ್ಗಿ ಬಲ ಹೆಗಲು ಹಿಡಿದಿದೆ. ಕೈ ಹಿಂದಕ್ಕೆ ಹೋಗುವುದಿಲ್ಲ, ಅಂಗಿ ಹಾಕಿಕೊಳ್ಳಲು ಮಗನನ್ನು ಕರೆಯಬೇಕು. ರಾತ್ರಿ ಆ ಮಗ್ಗುಲಿಗೆ ಮಲಗಲು ಆಗುವುದಿಲ್ಲ. ಏನು ಮಾಡಲಿ?

ಬೀಳಗಿ ತಮ್ಮ: ಮೇಡಂ, ನಮ್ಮ ಅಣ್ಣನ ವಿಷಯ. ವಯಸ್ಸು 44. ಗುರುವಾರ ನಮ್ಮೂರ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತಲು ನಿಂತರು. ಕಲ್ಲು ತೊಡೆವರೆಗೆ ಬಂತು. ಅಲ್ಲಿಂದ ಎದೆಗೆ ತರುವಾಗ ಜಾರಿತು. ಬಿಡದೆ ಹಿಡಿದರು. ಬಲ ಮೊಣಕೈ ಹತ್ತಿರ 'ಟಪ್' ಅಂತ ಶಬ್ದ ಬಂತು, ಪಕ್ಕದಲ್ಲಿ ನಿಂತವರಿಗೂ ಕೇಳಿದೆ. ಈಗ ಮೊಣಕೈ ಮಡಿಕೆ ನೀಲಿಯಾಗಿದೆ. ರಟ್ಟೆಯ ಗಂಟು ಮೇಲಕ್ಕೆ ಹೋದ ಹಾಗೆ ಕಾಣುತ್ತದೆ. ಆದರೆ ಕೈ ಮಡಚಲು ಬರುತ್ತದೆ, ಚಹಾ ಕಪ್ಪು ತಾವೇ ಎತ್ತಿ ಕುಡಿಯುತ್ತಾರೆ. ಊರಲ್ಲಿ ತಿಕ್ಕುವವರು ನರ ಉಳುಕಿದೆ, ಒಂಬತ್ತು ದಿನ ಎಣ್ಣೆ ಹಚ್ಚಿ ತಿಕ್ಕಿದರೆ ಕೂರುತ್ತದೆ ಅಂದರು. ಎರಡು ಸಲ ತಿಕ್ಕಿಸಿದ್ದೇವೆ. ಕೈ ಮಡಚುತ್ತದೆ ಅಂದಮೇಲೆ ಸೀರಿಯಸ್ ಏನಿಲ್ಲ ಅಲ್ವಾ?

ಫಿಜಿಯೋ ಮೇಡಂ: ತಿಕ್ಕುವುದು ನಿಲ್ಲಿಸಿ. ಈಗಲೇ. ಉಳಿದವರು ಸ್ವಲ್ಪ ಕಾಯಿರಿ.

ತಮ್ಮಾ, ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರು ವಿಷಯ ಹೇಳಿ. ಮೊಣಕೈ ಹೊಟ್ಟೆಯ ಪಕ್ಕಕ್ಕೆ ಒತ್ತಿ, ಅರ್ಧ ಮಡಚಿ, ಮುಂಗೈಯನ್ನು ಮುಂದಕ್ಕೆ ಚಾಚಿಸಿ. ಅಂಗೈ ಕೆಳಗೆ ಇರಲಿ. ನೀವು ಅವರ ಕೈ ಹಿಡಿದುಕೊಳ್ಳಿ, ಅವರು ಅಂಗೈಯನ್ನು ಮೇಲಕ್ಕೆ ತಿರುಗಿಸಲಿ. ಎಡಗೈಯಷ್ಟು ಜೋರು ಬಲಗೈಗೆ ಇದೆಯಾ? ಬೆರಳು ಜೋಮು ಹಿಡಿದಿವೆಯಾ? ಬೀಡಿ ಸಿಗರೇಟು ಇದೆಯಾ?

ಜಮಖಂಡಿ ಪೈಲ್ವಾನ್: ಮೇಡಂ, ಬೇಜಾರು ಮಾಡಿಕೊಳ್ಳಬೇಡಿ. ಗರಡಿಯಲ್ಲಿ ತಿಕ್ಕಿಸಿಕೊಂಡೇ ನಾವೆಲ್ಲ ಬೆಳೆದದ್ದು. ಬಿದ್ದರೆ ತಿಕ್ಕು, ಉಳುಕಿದರೆ ತಿಕ್ಕು. ಈಗಿನವರಿಗೆ ಎಲ್ಲದಕ್ಕೂ ಸ್ಕ್ಯಾನ್ ಬೇಕು.

ನಿವೃತ್ತ ಮೇಷ್ಟ್ರು: ದಣಿದ ಮೈ ತಿಕ್ಕುವುದು ಬೇರೆ, ಹರಿದದ್ದನ್ನು ತಿಕ್ಕುವುದು ಬೇರೆ.

ಬೀಳಗಿ ತಮ್ಮ: ಮೇಡಂ ನೋಡಿದೆ. ಅಂಗೈ ಮೇಲೆ ಮಾಡಲು ಬಲಗೈಯಲ್ಲಿ ಜೋರೇ ಇಲ್ಲ. ಎರಡು ಬೆರಳಲ್ಲಿ ತಡೆದೆ, ನಿಂತುಬಿಟ್ಟಿತು. ಜೋಮು ಇಲ್ಲ. ಬೀಡಿ ಇದೆ.

ಫಿಜಿಯೋ ಮೇಡಂ: ಹಾಗಾದರೆ ಓದಿ, ಅಣ್ಣನಿಗೂ ಓದಿ ಹೇಳಿ.

ಕೈ ಮಡಚುತ್ತದೆ ಅನ್ನುವುದೇ ಇಲ್ಲಿ ಎಲ್ಲರಿಗೂ ಮೋಸ ಮಾಡುತ್ತದೆ. ಸ್ನಾಯುವಿಗೆ ಗೊತ್ತಿರುವುದು ಒಂದೇ ಕೆಲಸ, ತಾನು ಗಿಡ್ಡವಾಗಿ ಎಳೆಯುವುದು. ಬಾವಿಯ ಹಗ್ಗ ಎಳೆಯಬಲ್ಲದು, ತಳ್ಳಲಾರದು, ಹಾಗೆ. ಅದು ಯಾವ ಎಲುಬಿಗೆ ಕಟ್ಟಿಕೊಂಡಿದೆ, ಕೀಲಿನ ಯಾವ ಕಡೆಯಿಂದ ದಾಟಿದೆ ಅನ್ನುವುದರ ಮೇಲೆ ಚಲನೆ ಯಾವುದು ಅಂತ ತೀರ್ಮಾನ ಆಗುತ್ತದೆ. ಮುಂಗೈಯಲ್ಲಿ ಎರಡು ಎಲುಬು. ಕಿರುಬೆರಳ ಕಡೆ ಇರುವುದು ಅಲ್ನಾ. ಅದು ಮೊಣಕೈಯಲ್ಲಿ ಬಾಗಿಲಂತೆ ಮಡಚಿ ಬಿಚ್ಚುತ್ತದೆ, ಅಷ್ಟೇ. ಹೆಬ್ಬೆರಳ ಕಡೆ ಇರುವುದು ರೇಡಿಯಸ್. ಅದು ಮಡಚುವುದರ ಜೊತೆ ತನ್ನ ಸುತ್ತ ತಿರುಗುತ್ತದೆ ಕೂಡ. ಅಂಗೈ ಮೇಲೆ ಕೆಳಗೆ ಆಗುವುದು ಅದು ತಿರುಗುವುದರಿಂದಲೇ.

ಹೊರಗೆ ಗಂಟಾಗಿ ಕಾಣುವ ಬೈಸೆಪ್ಸ್ ಕಟ್ಟಿಕೊಂಡಿರುವುದು ರೇಡಿಯಸ್‌ಗೆ. ಅದರ ಅಡಿಯಲ್ಲಿ, ಕಣ್ಣಿಗೆ ಕಾಣದ ಹಾಗೆ, ಬ್ರೇಕಿಯಾಲಿಸ್ ಅನ್ನುವ ಇನ್ನೊಂದು ಸ್ನಾಯು ಇದೆ. ಅದು ಅಲ್ನಾಗೆ ಕಟ್ಟಿಕೊಂಡಿದೆ. ಮೊಣಕೈ ಮಡಚುವ ದೊಡ್ಡ ಕೂಲಿ ಮಾಡುವುದು ಇದೇ. ಹೆಸರು ಮಾತ್ರ ಬೈಸೆಪ್ಸ್‌ಗೆ. ಹಾಗಾಗಿ ಬೈಸೆಪ್ಸ್ ಕೆಳಗಿನ ತುದಿ ಪೂರ್ತಿ ಕಿತ್ತು ಬಂದರೂ ಚಹಾ ಕಪ್ಪು ಬಾಯಿಗೆ ಬರುತ್ತದೆ. ಬರದೆ ಹೋಗುವುದು ತಿರುಗಿಸುವ ಜೋರು. ಬೀಗ ತೆಗೆಯುವುದು, ಸ್ಕ್ರೂ ಬಿಗಿ ಮಾಡುವುದು, ನಲ್ಲಿ ತಿರುಗಿಸುವುದು. ನಿಮ್ಮ ಅಣ್ಣನಿಗೆ ಹೋಗಿರುವುದು ಸರಿಯಾಗಿ ಅದೇ.

ಗಂಟು ಮೇಲಕ್ಕೆ ಹೋಗಿದೆ ಅಂದಿರಲ್ಲ, ಅದೂ ಇದನ್ನೇ ಹೇಳುತ್ತದೆ. ಬೈಸೆಪ್ಸ್‌ಗೆ ಹೆಗಲ ಕಡೆ ಎರಡು ಬೇರು, ಮೊಣಕೈ ಕಡೆ ಒಂದೇ. ಮೇಲಿನ ಒಂದು ಬೇರು ಕಿತ್ತರೆ ಗಂಟು ಕೆಳಕ್ಕೆ ಜಾರುತ್ತದೆ. ವಯಸ್ಸಾದವರಲ್ಲಿ ಅದು ಆಗುತ್ತದೆ, ಎಷ್ಟೋ ಸಲ ಆಪರೇಷನ್ ಇಲ್ಲದೆ ನಡೆದುಹೋಗುತ್ತದೆ. ಕೆಳಗಿನದು ಕಿತ್ತರೆ ಗಂಟು ಮೇಲಕ್ಕೆ ಸರಿಯುತ್ತದೆ. ಅದಕ್ಕೆ ಬದಲಿ ಬೇರು ಇಲ್ಲ.

ಯಾಕೆ ಕಿತ್ತಿತು? ಬೈಸೆಪ್ಸ್ ಕಟ್ಟಿರುವ ಜಾಗ ಮೊಣಕೈ ಕೀಲಿನಿಂದ ಸುಮಾರು 4 ಸೆಂಟಿಮೀಟರ್ ದೂರ. ಅಂಗೈಯಲ್ಲಿರುವ ಭಾರ ಸುಮಾರು 35 ಸೆಂಟಿಮೀಟರ್ ದೂರ. ಲೆಕ್ಕ ಮಾಡಿ, ಕೈ ಅರ್ಧ ಮಡಚಿ 5 ಕಿಲೋ ಹಿಡಿದರೆ ಸ್ನಾಯುಗಳು ಎಳೆಯಬೇಕಾದ ಬಲ 40 ಕಿಲೋ ದಾಟುತ್ತದೆ. ನಮ್ಮ ಮೈ ಕಟ್ಟಿರುವುದೇ ಹೀಗೆ. ಸ್ನಾಯು ಸ್ವಲ್ಪ ಗಿಡ್ಡವಾದರೆ ಕೈ ದೂರ ಚಲಿಸಲಿ, ಬೇಗ ಚಲಿಸಲಿ ಅಂತ. ಅದಕ್ಕೆ ಕೊಡುವ ಬೆಲೆ ಈ ಬಲ. ಇನ್ನು ಜಾರುವ ಕಲ್ಲನ್ನು ತಡೆಯುವಾಗ ಸ್ನಾಯು ಗಿಡ್ಡವಾಗಲು ಜಗ್ಗುತ್ತದೆ, ಭಾರ ಅದನ್ನು ಉದ್ದ ಮಾಡುತ್ತದೆ. ಇಂಥ ಹೊತ್ತಲ್ಲೇ ಸ್ನಾಯುವಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬಲ ಬೀಳುವುದು. 40 ದಾಟಿದ ಗಂಡಸರು, ಬೀಡಿ ಸೇದುವವರು, ಬಲಗೈ. ಪುಸ್ತಕದಲ್ಲಿ ಬರೆದ ಹಾಗೇ ಇದೆ.

ಈಗ ಮಾಡಬೇಕಾದದ್ದು. ನಾಳೆಯೇ ಎಲುಬಿನ ಡಾಕ್ಟರ್ ಹತ್ತಿರ ಹೋಗಿ, ಬಾಗಲಕೋಟೆಯಲ್ಲಾದರೂ ಸರಿ, ಬೆಳಗಾವಿಯಲ್ಲಾದರೂ ಸರಿ. "ಮೊಣಕೈ ಹತ್ತಿರ ಬೈಸೆಪ್ಸ್ ಟೆಂಡನ್ ಕಿತ್ತಿರಬಹುದು ಅಂತ ಫಿಜಿಯೋ ಹೇಳಿದ್ದಾರೆ" ಅನ್ನಿ. ಟೆಂಡನ್ ಅಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ. ಅವರು ಮಡಿಕೆಯಲ್ಲಿ ಬೆರಳು ಕೊಕ್ಕೆ ಹಾಕಿ ಆ ಹುರಿ ಸಿಗುತ್ತದಾ ನೋಡುತ್ತಾರೆ. ಆಮೇಲೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ. ಬರೀ ಎಕ್ಸ್-ರೇ ತೆಗೆದು "ಎಲುಬು ಸರಿ ಇದೆ, ಹೋಗಿ" ಅಂದರೆ ಒಪ್ಪಿ ಬರಬೇಡಿ. ಎಕ್ಸ್-ರೇಯಲ್ಲಿ ಟೆಂಡನ್ ಕಾಣುವುದಿಲ್ಲ. ಪೂರ್ತಿ ಕಿತ್ತಿದ್ದು, ಹೊಲಿಯುವುದು ಅಂತ ಆದರೆ ಮೊದಲ ಎರಡು ವಾರದೊಳಗೆ ಒಳ್ಳೆಯದು. ತಡವಾದಷ್ಟೂ ಅದು ಮೇಲೆ ಸರಿದು, ಸುತ್ತಲ ಮಾಂಸಕ್ಕೆ ಅಂಟಿ ಕೂರುತ್ತದೆ. ಆಗ ಬೇರೆ ಕಡೆಯ ಟೆಂಡನ್ ತಂದು ಜೋಡಿಸಬೇಕಾಗಬಹುದು. ಮೂರು ದಿನ ಹೋಗಿದೆ. ಒಂಬತ್ತು ದಿನ ತಿಕ್ಕಿ ನೋಡುವ ಸಮಯ ನಿಮಗಿಲ್ಲ.

ಎಲ್ಲರಿಗೂ ಆಪರೇಷನ್ ಬೇಕೇ ಬೇಕು ಅಂತಿಲ್ಲ. ವಯಸ್ಸಾದವರು, ಭಾರದ ಕೆಲಸ ಇಲ್ಲದವರು ಬಿಟ್ಟರೂ ನಡೆಯುತ್ತದೆ. ಹಾಗೆ ಬಿಟ್ಟರೆ ತಿರುಗಿಸುವ ಶಕ್ತಿ ಅರ್ಧದ ಹತ್ತಿರ ಹೋಗುತ್ತದೆ. ಅಣ್ಣ ದುಡಿಯುವ ಮನುಷ್ಯ. ಎರಡನ್ನೂ ಕೇಳಿ, ಡಾಕ್ಟರ್ ಜೊತೆ ಕೂತು ತೀರ್ಮಾನ ಮಾಡಿ.

ಇವತ್ತು ರಾತ್ರಿ: ಕೈ ಜೋಳಿಗೆಯಲ್ಲಿ ಇರಲಿ. ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ ಇಡಿ. ಬೆರಳು ಆಡಿಸುತ್ತಿರಲಿ. ಎಣ್ಣೆ, ಬಿಸಿ ಶಾಖ, ತಿಕ್ಕುವುದು ಯಾವುದೂ ಬೇಡ. ಹೊಸ ಗಾಯವನ್ನು ತಿಕ್ಕಿದರೆ ಒಳಗೆ ರಕ್ತ ಜಾಸ್ತಿ ಸೋರುತ್ತದೆ. ಮೊಣಕೈ ಸುತ್ತ ಜಜ್ಜಿದ ಸ್ನಾಯುವನ್ನು ತಿಕ್ಕಿ ತಿಕ್ಕಿ ಅದರೊಳಗೇ ಎಲುಬು ಬೆಳೆದು ಕೀಲು ಬಿಗಿದವರೂ ಇದ್ದಾರೆ. ಬೆರಳು ಬಿಳಿಚಿದರೆ, ಜೋಮು ಬಂದರೆ, ಮುಂಗೈ ಕಲ್ಲಿನ ಹಾಗೆ ಬಿಗಿದು ತಡೆಯಲಾಗದ ನೋವು ಬಂದರೆ ನಾಳೆವರೆಗೆ ಕಾಯಬೇಡಿ.

ಬೀಳಗಿ ತಮ್ಮ: ಆಯ್ತು ಮೇಡಂ. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇವೆ.

ಹುನಗುಂದ ಗೆಳೆಯ: ಮೇಡಂ ನನಗೂ ಮೊಣಕಾಲು ಕಟ್ ಕಟ್ ಅನ್ನುತ್ತದೆ. ನೋವಿಲ್ಲ.

ಫಿಜಿಯೋ ಮೇಡಂ: ಮೇಲೆ ಮೊದಲನೇ ಉತ್ತರ ನೋಡಿ.

ಜಮಖಂಡಿ ಪೈಲ್ವಾನ್: ಸ್ನಾಯು ತಳ್ಳಲಾರದು ಅಂತ ಮೇಡಂ ಬರೆದಿದ್ದಾರೆ. ನಾನು ದಂಡ ಹೊಡೆಯುವಾಗ ನೆಲ ತಳ್ಳಿ ಮೇಲೆ ಏಳುತ್ತೇನೆ. ಅದು ಎಳೆಯುವುದಾ?

ನಿವೃತ್ತ ಮೇಷ್ಟ್ರು: ಹೌದು, ಅದೂ ಎಳೆಯುವುದೇ. ರಟ್ಟೆಯ ಹಿಂದಿನ ಟ್ರೈಸೆಪ್ಸ್ ಮೊಣಕೈಯ ಹಿಂದಿನ ಚೂಪು ತುದಿಯನ್ನು ಮೇಲಕ್ಕೆ ಎಳೆಯುತ್ತದೆ. ಆ ತುದಿ ಕೀಲಿನ ಹಿಂದೆ ಇದೆ. ಅದನ್ನು ಎಳೆದರೆ ಮುಂಗೈ ನೆಟ್ಟಗಾಗುತ್ತದೆ. ನೆಲ ತಳ್ಳುವುದು ಅಂಗೈ, ಎಳೆಯುವುದು ಸ್ನಾಯು. ಮುಂದೆ ಒಂದು, ಹಿಂದೆ ಒಂದು, ಒಂದು ಎಳೆದಾಗ ಇನ್ನೊಂದು ಸಡಿಲ ಬಿಡಬೇಕು. ಎಂಟನೇ ಕ್ಲಾಸಿನ ಹುಡುಗರಿಗೆ ಗೊತ್ತಿರುತ್ತದೆ.

ಜಮಖಂಡಿ ಪೈಲ್ವಾನ್: ಮೇಷ್ಟ್ರೇ, ನೀವು ಜೀವನದಲ್ಲಿ ಎಷ್ಟು ದಂಡ ಹೊಡೆದಿದ್ದೀರಿ?

ನಿವೃತ್ತ ಮೇಷ್ಟ್ರು: ದಂಡ ಹೊಡೆದಿಲ್ಲ. ದಂಡ ಹಿಡಿದು ಎಷ್ಟೋ ಪೈಲ್ವಾನರಿಗೆ ಪಾಠ ಹೇಳಿದ್ದೇನೆ.

ಜಿಮ್ ಹುಡುಗ, ವಿಜಯಪುರ: 😂 ಮೇಡಂ ನನ್ನ ಪ್ರಶ್ನೆ. ಲೆಗ್ ಡೇ ಆದಮೇಲೆ ಎರಡು ದಿನ ಕಾಲು ನೋವು. ಲ್ಯಾಕ್ಟಿಕ್ ಆಸಿಡ್ ಹೊರಗೆ ಹಾಕಲು ಏನು ಕುಡಿಯಬೇಕು?

ಫಿಜಿಯೋ ಮೇಡಂ: ಏನೂ ಬೇಡ. ಲ್ಯಾಕ್ಟಿಕ್ ಆಸಿಡ್ ಸುಮಾರು ಒಂದು ಗಂಟೆಯಲ್ಲೇ ಇಳಿದಿರುತ್ತದೆ. ಎರಡನೇ ದಿನದ ನೋವು ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಪೆಟ್ಟು. ಭಾರ ಇಳಿಸುವಾಗ, ಇಳಿಜಾರು ಇಳಿಯುವಾಗ ಜಾಸ್ತಿ ಆಗುತ್ತದೆ. ತಾನೇ ಹೋಗುತ್ತದೆ. ಮೂತ್ರ ಚಹಾ ಬಣ್ಣಕ್ಕೆ ಬಂದರೆ ಮಾತ್ರ ಅದೇ ದಿನ ಆಸ್ಪತ್ರೆಗೆ ಹೋಗು.

ಲೋಕಾಪುರ ಹುಡುಗ: ಮುಧೋಳ ನಾಯಿ ಸಾಕಿದ್ದೇನೆ. ಅದರ ಹಿಂಗಾಲಿನ ಮೊಣಕಾಲು ಹಿಂದಕ್ಕೆ ಮಡಚುತ್ತದಲ್ಲ, ನಮ್ಮದು ಯಾಕೆ ಹಾಗಿಲ್ಲ? ಅದಕ್ಕೇ ಅಷ್ಟು ಜೋರು ಓಡುತ್ತದಾ?

ನಿವೃತ್ತ ಮೇಷ್ಟ್ರು: ನೀನು ಮೊಣಕಾಲು ಅಂದುಕೊಂಡಿದ್ದು ಅದರ ಹಿಮ್ಮಡಿ. ನಾಯಿ ಬೆರಳ ಮೇಲೆ ನಡೆಯುತ್ತದೆ, ಹಿಮ್ಮಡಿ ನೆಲ ಮುಟ್ಟುವುದಿಲ್ಲ. ನಿಜವಾದ ಮೊಣಕಾಲು ಮೇಲೆ ಹೊಟ್ಟೆಯ ಹತ್ತಿರ ಇದೆ, ನಮ್ಮ ಹಾಗೇ ಮಡಚುತ್ತದೆ. ಓಡುವಾಗ ಬೆನ್ನೆಲುಬನ್ನೂ ಬಾಗಿಸಿ ಚಾಚುತ್ತದೆ ನೋಡು, ಹೆಜ್ಜೆ ಉದ್ದವಾಗುವುದು ಅದರಿಂದಲೂ.

ಫಿಜಿಯೋ ಮೇಡಂ: ಮೇಷ್ಟ್ರು ಹೇಳಿದ್ದು ಸರಿ.

ಬಾದಾಮಿ ಸೊಸೆ: ಅಕ್ಕಾ, ನಮ್ಮ ಅತ್ತೆಗೆ ಚಪ್ಪೆ ಎಲುಬು ಮುರಿದು ಆಪರೇಷನ್ ಆಗಿ ಎರಡು ವಾರ. ಹಾಸಿಗೆ ಮೇಲೇ ಇದ್ದಾರೆ. ಮೊನ್ನೆಯಿಂದ ಎಡಗಾಲಿನ ಮೀನಖಂಡ ಊದಿದೆ, ಮುಟ್ಟಿದರೆ ಬಿಸಿ. ಬಲಗಾಲು ಸರಿ ಇದೆ. ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿ ಮಾಲೀಶು ಮಾಡುತ್ತಿದ್ದೇವೆ.

ಫಿಜಿಯೋ ಮೇಡಂ: ಮಾಲೀಶು ಈ ಕ್ಷಣ ಬಿಡಿ. ಇವತ್ತು ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಾವು ನಡೆಯುವಾಗ ಮೀನಖಂಡ ಬಿಗಿದು ಸಡಿಲಾಗಿ ಕಾಲಿನ ರಕ್ತವನ್ನು ಮೇಲಕ್ಕೆ ಒತ್ತುತ್ತದೆ. ಮಲಗೇ ಇದ್ದರೆ ಆ ಕೆಲಸ ನಿಲ್ಲುತ್ತದೆ, ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ತಿಕ್ಕಿದರೆ ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಉಸಿರು ಕಟ್ಟಿದರೆ, ಎದೆ ನೋವು ಬಂದರೆ 108ಕ್ಕೆ ಫೋನ್ ಮಾಡಿ. ಎಕ್ಕದ ಹಾಲು ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಇನ್ನೂ ಕಷ್ಟ. ಕಿತ್ತು ಬಿಸಾಕಿ. ಹೊರಟ ಮೇಲೆ ಇಲ್ಲಿ ಒಂದು ಮಾತು ಹಾಕಿ.

ಮುಧೋಳದ ಅಕ್ಕ: ಎಕ್ಕದ ಎಲೆ ನಮ್ಮಜ್ಜಿ ಕಾಲದಿಂದ ಕಟ್ಟುತ್ತೇವೆ, ಯಾರಿಗೂ ಏನೂ ಆಗಿಲ್ಲ.

ಫಿಜಿಯೋ ಮೇಡಂ: ಅಕ್ಕಾ, ಎಕ್ಕದಿಂದ ಸುಟ್ಟ ಚರ್ಮ ಹಿಡಿದುಕೊಂಡು ನನ್ನ ಹತ್ತಿರ ಬರುವವರು ನಿಮ್ಮ ಹತ್ತಿರ ಬರುವುದಿಲ್ಲ. ಅದಕ್ಕೇ ನಿಮಗೆ ಗೊತ್ತಿಲ್ಲ.

ಬಾದಾಮಿ ಸೊಸೆ: ಹೊರಟೆವು ಅಕ್ಕಾ.

ಗುಳೇದಗುಡ್ಡ ತಂಗಿ: ದಿನಾ ಐವತ್ತು ರೊಟ್ಟಿ ಬಡಿಯುತ್ತೇನೆ. ಬೆರಳು ಮಡಚಿದರೆ ನೋವು ಮುಂಗೈಯಲ್ಲಿ ಬರುತ್ತದೆ. ಬೆರಳಿಗೂ ಮುಂಗೈಗೂ ಏನು ಸಂಬಂಧ?

ಫಿಜಿಯೋ ಮೇಡಂ: ಬೆರಳು ಮಡಚುವ ದೊಡ್ಡ ಸ್ನಾಯುಗಳು ಇರುವುದೇ ಮುಂಗೈಯಲ್ಲಿ. ಅಲ್ಲಿಂದ ಉದ್ದ ಟೆಂಡನ್‌ಗಳು ಮಣಿಕಟ್ಟು ದಾಟಿ ಬೆರಳಿಗೆ ಬರುತ್ತವೆ. ಇನ್ನೊಂದು ಕೈಯಿಂದ ಮುಂಗೈ ಹಿಡಿದು ಬೆರಳು ಆಡಿಸು, ಒಳಗೆ ಸರಿದಾಡುವುದು ಗೊತ್ತಾಗುತ್ತದೆ. ಎರಡು ವಾರ ರೊಟ್ಟಿ ಅರ್ಧ ಮಾಡು, ಉಳಿದದ್ದು ಮನೆಯ ಗಂಡಸರು ಬಡಿಯಲಿ. ಕಡಿಮೆ ಆಗದಿದ್ದರೆ ಬಂದು ತೋರಿಸು.

ರಬಕವಿ ಅಣ್ಣ: ಗಂಡಸರು ರೊಟ್ಟಿ ಬಡಿದರೆ ಉಣ್ಣುವವರು ಯಾರು ಮೇಡಂ 😄

ತೇರದಾಳ ಮಾಮಾ: ರಾತ್ರಿ ಮೀನಖಂಡ ಹಿಡಿಯುತ್ತದೆ. ಹಾಸಿಗೆ ಕೆಳಗೆ ಸೋಪು ಇಟ್ಟರೆ ಹೋಗುತ್ತದಂತೆ, ಹೌದಾ?

ಫಿಜಿಯೋ ಮೇಡಂ: ಸೋಪು ಬಚ್ಚಲಲ್ಲಿ ಇರಲಿ ಮಾಮಾ. ಹಿಡಿದಾಗ ಮೊಣಕಾಲು ನೆಟ್ಟಗೆ ಮಾಡಿ, ಪಾದದ ಬೆರಳುಗಳನ್ನು ನಿಮ್ಮ ಕಡೆಗೆ ಎಳೆಯಿರಿ. ಬಿಡುತ್ತದೆ. ದಿನಾ ಹಿಡಿದರೆ ನೀವು ತಿನ್ನುವ ಮಾತ್ರೆಗಳ ಚೀಟಿ ಡಾಕ್ಟರಿಗೆ ತೋರಿಸಿ.

ಕೆರೂರು ಗೆಳೆಯ: ಮೊಣಕಾಲು ಕಟಕಟ ಶಬ್ದಕ್ಕೆ ಯಾವ ಮಾತ್ರೆ ಮೇಡಂ?

ಫಿಜಿಯೋ ಮೇಡಂ: ಮೇಲೆ ಇದೆ.

ಇಳಕಲ್ ನೇಕಾರ: ಮೇಡಂ ನನ್ನ ಹೆಗಲಿನದು ನೋಡಲಿಲ್ಲ.

ನಿವೃತ್ತ ಮೇಷ್ಟ್ರು: ಶುಗರ್ ಚೆಕ್ ಮಾಡಿಸಿದ್ದೀರಾ? ಶುಗರ್ ಇದ್ದವರಿಗೆ ಹೆಗಲು ಹಿಡಿಯುವುದು ಜಾಸ್ತಿ.

ಜಮಖಂಡಿ ಪೈಲ್ವಾನ್: ಈಗ ಮೇಷ್ಟ್ರೇ ಡಾಕ್ಟರ್ ಆದರು. ನೇಕಾರಣ್ಣಾ, ದಿನಾ ನೂರು ಬಸ್ಕಿ, ನೂರು ದಂಡ. ಹೆಗಲು ತಾನೇ ಬಿಡುತ್ತದೆ.

ಜಿಮ್ ಹುಡುಗ, ವಿಜಯಪುರ: ಬಸ್ಕಿ ಹೊಡೆದರೆ ಮೊಣಕಾಲು ಸವೆಯುತ್ತದೆ ಕಾಕಾ. ಯೂಟ್ಯೂಬ್‌ನಲ್ಲಿ ನೋಡಿ.

ಜಮಖಂಡಿ ಪೈಲ್ವಾನ್: ನನಗೆ 61. ಬಾ ತಮ್ಮಾ, ಯಾರ ಮೊಣಕಾಲು ಸವೆದಿದೆ ನೋಡೋಣ. ಜಮಖಂಡಿ ಮಣ್ಣಲ್ಲಿ ಬೆಳೆದ ಕಾಲು ಇದು.

ಮುಧೋಳದ ಅಕ್ಕ: ಕುಸ್ತಿ ಅಂದರೆ ಮುಧೋಳ. ಜಮಖಂಡಿಯವರು ನಮ್ಮಲ್ಲಿ ಬಂದು ಕಲಿತು ಹೋದವರು.

ಜಮಖಂಡಿ ಪೈಲ್ವಾನ್: ಅಕ್ಕಾರ, ನೀವು ಬೆಂಡೆಕಾಯಿ ನೀರು ಕುಡಿಯಿರಿ.

ಅಡ್ಮಿನ್: ವಿಷಯಕ್ಕೆ ಬನ್ನಿ. ಊರ ಜಗಳ ಇಲ್ಲಿ ಬೇಡ.

ಫಿಜಿಯೋ ಮೇಡಂ: ಬಸ್ಕಿ ವಿಷಯ ಒಂದೇ ಸಲ ಹೇಳುತ್ತೇನೆ. ಎಲುಬಿನ ತುದಿಗೆ ನುಣುಪಾದ ಮೃದು ಎಲುಬಿನ ಹೊದಿಕೆ ಇದೆ. ಅದಕ್ಕೆ ರಕ್ತನಾಳ ಇಲ್ಲ. ಭಾರ ಬಿದ್ದಾಗ ಅದರಿಂದ ದ್ರವ ಹೊರಗೆ ಹೋಗುತ್ತದೆ, ಭಾರ ತೆಗೆದಾಗ ಒಳಗೆ ಬರುತ್ತದೆ. ಅದಕ್ಕೆ ಊಟ ಸಿಗುವುದು ಹೀಗೆ. ಕಾಲು ಆಡಿಸದಿದ್ದರೆ ಅದಕ್ಕೆ ಉಪವಾಸ. ಆದ್ದರಿಂದ ಆರೋಗ್ಯವಾದ ಮೊಣಕಾಲಿಗೆ, ನಿಧಾನವಾಗಿ ಹೆಚ್ಚಿಸಿಕೊಂಡು ಹೋದರೆ ಬಸ್ಕಿ ಒಳ್ಳೆಯದೇ. ಈಗಾಗಲೇ ಸವೆದು ನೋಯುವವರು ಪೂರ್ತಿ ಕೂರಬೇಡಿ. ಕುರ್ಚಿಯಿಂದ ಎದ್ದು ಕೂರುವುದು ಸಾಕು. ತೊಡೆಯ ಮುಂದಿನ ಸ್ನಾಯು ಗಟ್ಟಿಯಾದರೆ ಮೊಣಕಾಲಿಗೆ ಅನುಕೂಲ. ಆದರೆ ಹಿಡಿದ ಹೆಗಲಿಗೆ ನೂರು ದಂಡ ಅಂತ ಯಾರೂ ಯಾರಿಗೂ ಹೇಳಬೇಡಿ. ಪೈಲ್ವಾನರೇ, ನಿಮಗೇ ಹೇಳಿದ್ದು.

ಜಮಖಂಡಿ ಪೈಲ್ವಾನ್: ಒಳ್ಳೆಯದಕ್ಕೆ ಹೇಳಿದರೆ ಇಲ್ಲಿ ಬೆಲೆ ಇಲ್ಲ. ಬಿಡ್ರಿ.

ಹೆಸರಿಲ್ಲದ ಸದಸ್ಯ: *(ಫಾರ್ವರ್ಡ್: "ಈ 5 ಎಲೆ ಕಟ್ಟಿದರೆ ಹರಿದ ನರವೂ ಕೂಡುತ್ತದೆ")*

ಫಿಜಿಯೋ ಮೇಡಂ: ಅಡ್ಮಿನ್, ಇದನ್ನು ತೆಗೆಯಿರಿ. ಬೀಳಗಿಯವರ ಮನೆಯಲ್ಲಿ ಯಾರಾದರೂ ಇದನ್ನು ಓದಿ ಬಸ್ ಹತ್ತದೆ ಉಳಿದರೆ ಜವಾಬ್ದಾರಿ ಯಾರದು? ನಾನು ಇವತ್ತಿಗೆ ಹೊರಟೆ.

*(ಮಂಗಳವಾರ)*

ಬೀಳಗಿ ತಮ್ಮ: ಮೇಡಂ, ಎಂಆರ್‌ಐ ಆಯಿತು. ಪೂರ್ತಿ ಕಿತ್ತಿದೆ, ಮೇಲಕ್ಕೆ ಸರಿದಿದೆ ಅಂದರು. ಶುಕ್ರವಾರ ಆಪರೇಷನ್. ರೇಡಿಯಸ್ ಎಲುಬಿಗೇ ಮತ್ತೆ ಕಟ್ಟುತ್ತಾರಂತೆ. ಅಣ್ಣ ಕೇಳುತ್ತಿದ್ದಾರೆ, ಕಲ್ಲು ಯಾವಾಗ ಎತ್ತಬಹುದು?

ಫಿಜಿಯೋ ಮೇಡಂ: ಒಳ್ಳೆಯದಾಯಿತು, ಬೇಗ ಹೋದಿರಿ. ಆಪರೇಷನ್ ಆದಮೇಲೆ ಮೊದಲ ಕೆಲವು ವಾರ ಪಟ್ಟಿ, ಡಾಕ್ಟರ್ ಹೇಳಿದಷ್ಟೇ ಆಡಿಸುವುದು. ಹಗುರ ಭಾರಕ್ಕೆ ಸುಮಾರು ಮೂರು ತಿಂಗಳು. ಜೋರು ಕೆಲಸಕ್ಕೆ ಐದಾರು ತಿಂಗಳು. ಟೆಂಡನ್ ಎಲುಬಿಗೆ ಅಂಟಿ ಗಟ್ಟಿಯಾಗಲು ಅದರದೇ ಸಮಯ ಬೇಕು. ನೋವು ಹೋಯಿತು ಅಂತ ಅವಸರ ಮಾಡಿದವರದೇ ಮತ್ತೆ ಕೀಳುವುದು. ಬೀಡಿ ಇವತ್ತೇ ಬಿಡಲಿ, ಗಾಯ ಮಾಯುವುದು ತಡವಾಗುತ್ತದೆ. ಸಂಗ್ರಾಣಿ ಕಲ್ಲಿನ ಮಾತು ಆಪರೇಷನ್ ಮಾಡಿದ ಡಾಕ್ಟರ್ ಹತ್ತಿರ, ಆರು ತಿಂಗಳಾದ ಮೇಲೆ.

ಇಳಕಲ್ ನೇಕಾರ: ಮೇಡಂ, ಶುಗರ್ ಚೆಕ್ ಮಾಡಿಸಿದೆ. 240 ಇದೆ.

ಬೀಳಗಿ ತಮ್ಮ: ಅಣ್ಣ ಕೇಳುತ್ತಿದ್ದಾರೆ, ಅಲ್ಲಿವರೆಗೆ ಎಡಗೈಯಲ್ಲಿ ಗುಂಡು ಎತ್ತಬಹುದಾ ಅಂತ.

ಫಿಜಿಯೋ ಮೇಡಂ: ಬೇಡ. ಒಂದು ಕಡೆ ಕಿತ್ತವರಿಗೆ ಇನ್ನೊಂದು ಕಡೆಯೂ ಕೀಳುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ.